ಕೈಚೀಲದ ರೋಲ್ ಉಳಿಯಿತು, ಪೆಟ್ಟಿಗೆಯದ್ದು ಹೋಯಿತು

ಗಲ್ಫ್‌ನಿಂದ ಬಂದವರ ಪೆಟ್ಟಿಗೆ ಬಿಚ್ಚುವ ಹೊತ್ತು ನಮ್ಮ ಮನೆಗಳಲ್ಲಿ ಒಂದು ಸಣ್ಣ ಹಬ್ಬವೇ. ಹಗ್ಗ ಬಿಗಿದು, ಮೇಲೆ ದೊಡ್ಡಕ್ಷರದಲ್ಲಿ ಹೆಸರು, ಊರು ಬರೆದ ರಟ್ಟಿನ ಪೆಟ್ಟಿಗೆ. ಒಳಗೆ ಟ್ಯಾಂಗ್ ಡಬ್ಬಿ, ಹಾಲಿನ ಪುಡಿ, ಕಂಬಳಿ, ಅತ್ತರು, ಖರ್ಜೂರ. 2004ರಲ್ಲಿ ಜಿದ್ದಾದಿಂದ ನಮ್ಮ ಮಾಮ ರಜೆಯಲ್ಲಿ ಬಂದಾಗ ಇವೆಲ್ಲದರ ನಡುವೆ, ಕಂಬಳಿಯ ಮಡಿಕೆಯೊಳಗೆ, ಮೂರು ಫಿಲ್ಮ್ ರೋಲ್‌ಗಳೂ ಇದ್ದವು. ಒಡೆಯಬಾರದು, ಬಿಸಿ ತಾಗಬಾರದು ಎಂದು ಅವರೇ ಜೋಪಾನವಾಗಿ ಸುತ್ತಿಟ್ಟದ್ದು.

ಆ ರೋಲ್‌ಗಳಲ್ಲಿ ನಮ್ಮ ಅಜ್ಜ–ಅಜ್ಜಿ ಇದ್ದರು. ಆ ವರ್ಷ ಇಬ್ಬರೂ ಉಮ್ರಾಕ್ಕೆ ಹೋಗಿದ್ದರು. ಮಾಮ ಕೆಲಸಕ್ಕೆ ರಜೆ ಹಾಕಿ ಅವರನ್ನು ಜಿದ್ದಾದ ಕಡಲ ಬದಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆದಿದ್ದರು. ಊರಿನಲ್ಲಿ ಯಾರ ಮದುವೆಯಲ್ಲೂ ಕ್ಯಾಮೆರಾ ಕಂಡರೆ ಬಾಗಿಲ ಹಿಂದೆ ಸರಿಯುತ್ತಿದ್ದ ಅಜ್ಜಿ, ಮಗ ಕೇಳಿದ ಅಂತ ಅಲ್ಲಿ ನಿಂತಿದ್ದರಂತೆ. "ನಿಲ್ಲಿ ಉಮ್ಮಾ, ಮತ್ತೆ ನೋಡ್ಲಿಕ್ಕೆ ಆಗ್ತದೆ" ಅಂದದ್ದಕ್ಕೆ, "ಬೇಗ ತೆಗಿ ಮಾರಾಯಾ" ಅಂದರಂತೆ. ಈ ಕಥೆಯನ್ನು ಅಜ್ಜಿಯೇ ನಗುತ್ತಾ ಹೇಳಿದ್ದು ನಮಗೆ ನೆನಪುಂಟು.

ಮೂರನೇ ದಿನ ರೋಲ್‌ಗಳನ್ನು ಸ್ಟುಡಿಯೋಗೆ ಕೊಟ್ಟೆವು. ಬಂದ ಪ್ರಿಂಟ್‌ಗಳು ಹೊಗೆ ಹಿಡಿದ ಗೋಡೆಯ ಹಾಗೆ ಬೂದು. ಅದರ ಮೇಲೆ ಬೆರಳಗಲದ ಪಟ್ಟಿ, ಅಲೆ ಎದ್ದ ಹಾಗೆ ಡೊಂಕಾಗಿ, ಒಂದು ಫೋಟೋದಿಂದ ಇನ್ನೊಂದಕ್ಕೆ ಹರಿದಿತ್ತು. ಅಜ್ಜಿಯ ಮುಖ ಇರಬೇಕಾದ ಕಡೆ ಮುಖದ ನೆರಳು ಮಾತ್ರ. ಸ್ಟುಡಿಯೋದವರು ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಇದನ್ನು ಲಗೇಜಿಗೆ ಹಾಕಿದ್ದಿರಾ?"

ಮಾಮನ ಕ್ಯಾಮೆರಾದೊಳಗೆ ಅರ್ಧ ಮುಗಿದ ನಾಲ್ಕನೇ ರೋಲ್ ಒಂದಿತ್ತು. ಕ್ಯಾಮೆರಾ ಜಿದ್ದಾದಿಂದ ಮುಂಬೈವರೆಗೂ ಅವರ ಹೆಗಲಲ್ಲೇ ಇತ್ತು. ಆ ರೋಲ್ ತೊಳೆಸಿದಾಗ ಎಲ್ಲವೂ ಸ್ವಚ್ಛವಾಗಿ ಬಂತು. ಒಂದೇ ಊರು, ಒಂದೇ ವಿಮಾನ, ಒಂದೇ ದಿನ. ಕೆಳಗೆ ಹೋದ ಪೆಟ್ಟಿಗೆಯದ್ದು ಹಾಳಾಯಿತು, ಕೈಯಲ್ಲಿದ್ದದ್ದು ಉಳಿಯಿತು.

ಇದನ್ನು ಈಗ ಬರೆಯಲು ಕಾರಣ ಉಂಟು. ಹೋದವು ಅಂದುಕೊಂಡಿದ್ದ ಫಿಲ್ಮ್ ಕ್ಯಾಮೆರಾಗಳು ನಮ್ಮ ಮಕ್ಕಳ ಕೈಗೆ ಮತ್ತೆ ಬಂದಿವೆ. ಉಪ್ಪನ ಹಳೇ ಕ್ಯಾಮೆರಾವನ್ನು ಕಪಾಟಿನಿಂದ ತೆಗೆದು ಧೂಳು ಒರೆಸಿ ರೋಲ್ ಹಾಕುವ ಹುಡುಗರಿದ್ದಾರೆ. ಮೆಹೆಂದಿಯ ದಿನ ಕ್ಲಿಕ್ ಮಾಡಿದ ಕೂಡಲೇ ಚಿತ್ರ ಹೊರಬರುವ ಇನ್‌ಸ್ಟ್ಯಾಕ್ಸ್ ಕ್ಯಾಮೆರಾ ಹಿಡಿದು ಓಡಾಡುವ ಹೆಣ್ಣುಮಕ್ಕಳಿದ್ದಾರೆ. ಇವರೆಲ್ಲ ದುಬೈ, ದಮ್ಮಾಮ್, ದೋಹಾಕ್ಕೆ ಹೋಗಿ ಬರುವವರೇ. ನಾವು ಅಂದು ಮಾಡಿದ ತಪ್ಪನ್ನು ಇವರು ಮಾಡಬಾರದು.

ಫಿಲ್ಮ್‌ಗೆ ಆಗುವುದಾದರೂ ಏನು?

ಫಿಲ್ಮ್‌ನ ಮೇಲೆ ಜೆಲಾಟಿನ್ ಪದರ ಇರುತ್ತದೆ. ಅದರೊಳಗೆ ಬೆಳ್ಳಿಯ ಲವಣದ ತೀರಾ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಕಣ್ಣಿಗೆ ಕಾಣದ ಬದಲಾವಣೆ ಆಗುತ್ತದೆ. ರಾಸಾಯನಿಕದಲ್ಲಿ ತೊಳೆದಾಗ ಅದೇ ಚಿತ್ರವಾಗುತ್ತದೆ. ಎಕ್ಸ್‌ರೇ ಕೂಡ ಆ ಹರಳುಗಳ ಮೇಲೆ ಇದೇ ಕೆಲಸ ಮಾಡುತ್ತದೆ. ಬಂದದ್ದು ಸೂರ್ಯನ ಬೆಳಕೋ, ಯಂತ್ರದ ಕಿರಣವೋ ಎಂದು ಫಿಲ್ಮ್‌ಗೆ ಗೊತ್ತಾಗುವುದಿಲ್ಲ. 1895ರಲ್ಲಿ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದು, ತನ್ನ ಹೆಂಡತಿಯ ಕೈಯ ಮೂಳೆಯನ್ನೂ ಬೆರಳಿನ ಉಂಗುರವನ್ನೂ ಮೂಡಿಸಿದ್ದು ಫೋಟೋ ತೆಗೆಯುವ ಪ್ಲೇಟಿನ ಮೇಲೆಯೇ. ಹಿಂದೆ ಕೈ ಮುರಿದಾಗ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ದೊಡ್ಡ ಕಪ್ಪು ಹಾಳೆಯೂ ಒಂದು ಬಗೆಯ ಫಿಲ್ಮೇ.

ಹಾಗಾಗಿ ಅಪಾಯ ಇರುವುದು ಇನ್ನೂ ತೊಳೆಯದ ಫಿಲ್ಮ್‌ಗೆ ಮಾತ್ರ. ಫೋಟೋ ತೆಗೆದದ್ದಾದರೂ ಸರಿ, ಹೊಸ ರೋಲ್ ಆದರೂ ಸರಿ, ಎರಡಕ್ಕೂ ಅಪಾಯ ಒಂದೇ. ತೊಳೆದ ನೆಗೆಟಿವ್, ಪ್ರಿಂಟ್, ಹಳೇ ಆಲ್ಬಮ್‌ಗಳನ್ನು ಧೈರ್ಯವಾಗಿ ಕೊಂಡುಹೋಗಬಹುದು. ಮೊಬೈಲ್, ಮೆಮೊರಿ ಕಾರ್ಡ್, ಪೆನ್ ಡ್ರೈವ್‌ಗಳಿಗೂ ಈ ಯಂತ್ರಗಳಿಂದ ತೊಂದರೆ ಇಲ್ಲ. ನಾವು ನಡೆದು ದಾಟುವ ಲೋಹ ಪತ್ತೆಯ ಚೌಕಟ್ಟು, ಮೈಗೆ ಆಡಿಸುವ ಕೋಲು ಇವುಗಳಿಂದಲೂ ಫಿಲ್ಮ್‌ಗೆ ಏನೂ ಆಗದು.

ಎಲ್ಲ ಯಂತ್ರವೂ ಒಂದೇ ಅಲ್ಲ

ವಿಮಾನ ನಿಲ್ದಾಣದಲ್ಲಿ ಮುಖ್ಯವಾಗಿ ಮೂರು ಬಗೆಯ ಯಂತ್ರ ಇವೆ ಎಂದು ತಿಳಿದರೆ ಸಾಕು.

ಮೊದಲನೆಯದ್ದು, ಕೈಚೀಲ ನೋಡುವ ಹಳೇ ಮಾದರಿಯ ಎಕ್ಸ್‌ರೇ. ಇದರ ಕಿರಣದ ಪ್ರಮಾಣ ಕಡಿಮೆ. 100, 200, 400 ಐಎಸ್‌ಒ ಅಂತ ಬರೆದಿರುವ ಸಾಮಾನ್ಯ ರೋಲ್‌ಗಳು ಒಂದೆರಡು ಸಲ ಇದರಲ್ಲಿ ಹಾದು ಹೋದರೆ ಕಣ್ಣಿಗೆ ಕಾಣುವಷ್ಟು ಹಾನಿ ಆಗುವುದು ಅಪರೂಪ. ಮಾಮನ ಕ್ಯಾಮೆರಾದ ರೋಲ್ ಉಳಿದದ್ದು ಹೀಗೆ. ಆದರೆ ಪ್ರತೀ ಸಲದ ಕಿರಣವೂ ಹಿಂದಿನದ್ದಕ್ಕೆ ಸೇರುತ್ತಾ ಹೋಗುತ್ತದೆ. ಮಂಗಳೂರು, ಮುಂಬೈ, ದುಬೈ, ಅಲ್ಲಿಂದ ಮತ್ತೆ ವಾಪಸ್ ಅಂದರೆ ಲೆಕ್ಕ ಬೇಗ ಏರುತ್ತದೆ. ಬೆಂಗಳೂರಿನ ಮೆಟ್ರೋದಲ್ಲಿ ಬ್ಯಾಗ್ ಹಾಕುವ ಯಂತ್ರವೂ ಈ ಲೆಕ್ಕಕ್ಕೆ ಸೇರಬೇಕು. ಐಎಸ್‌ಒ ಸಂಖ್ಯೆ ದೊಡ್ಡದಾದಷ್ಟು ಫಿಲ್ಮ್ ಸೂಕ್ಷ್ಮ. 800 ಮತ್ತು ಅದಕ್ಕಿಂತ ಮೇಲಿನದ್ದನ್ನು ಒಮ್ಮೆಯೂ ಹಾಕದಿರುವುದೇ ಲೇಸು. ಇನ್‌ಸ್ಟ್ಯಾಕ್ಸ್ ಫಿಲ್ಮ್ 800ರದ್ದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಕ್ಯಾಮೆರಾಗಳಲ್ಲೂ 400 ಅಥವಾ 800ರ ಫಿಲ್ಮೇ ಇರುತ್ತದೆ.

ಎರಡನೆಯದ್ದು, ಕೌಂಟರ್‌ನಲ್ಲಿ ಕೊಟ್ಟ ದೊಡ್ಡ ಲಗೇಜಿನ ಯಂತ್ರ. ಇಲ್ಲಿ ಯಾವ ಫಿಲ್ಮ್‌ಗೂ ರಕ್ಷಣೆ ಇಲ್ಲ. 1990ರ ದಶಕದ ನಡುವಿನಿಂದ ಬಂದ ಈ ಬಗೆಯ ಯಂತ್ರಗಳು ಮೊದಲು ಪೆಟ್ಟಿಗೆಯನ್ನು ಇಡಿಯಾಗಿ ನೋಡಿ, ಸಂಶಯ ಬಂದ ದಪ್ಪ ಭಾಗದ ಮೇಲೆ ಬಲವಾದ ಕಿರಣ ಹಾಯಿಸುತ್ತವೆ. ನಮ್ಮ ಪ್ರಿಂಟ್‌ಗಳ ಮೇಲೆ ಕಂಡ ಪಟ್ಟಿ ಆ ಕಿರಣದ ಗುರುತು. ಫಿಲ್ಮ್ ಸುರುಳಿ ಸುತ್ತಿರುವುದರಿಂದ, ಬಿಚ್ಚಿದಾಗ ನೇರ ಗೆರೆಯೂ ಅಲೆಯಾಗಿ ಕಾಣುತ್ತದೆ.

ಮೂರನೆಯದ್ದು, ಈಚೆಗೆ ಕೈಚೀಲಕ್ಕೂ ಬಂದಿರುವ ಸಿ.ಟಿ. ಸ್ಕ್ಯಾನರ್. ಆಸ್ಪತ್ರೆಯ ಸಿ.ಟಿ.ಯಂತೆ ಇದು ಚೀಲವನ್ನು ಸುತ್ತಲಿಂದಲೂ ನೋಡುತ್ತದೆ. ಪ್ರಯಾಣಿಕರಿಗೆ ಇದು ಸುಖ, ಲ್ಯಾಪ್‌ಟಾಪ್ ಹೊರಗೆ ತೆಗೆಯುವ ತಾಪತ್ರಯ ಇಲ್ಲ. ಫಿಲ್ಮ್‌ಗೆ ಮಾತ್ರ ಇದು ಕೆಟ್ಟದ್ದು. ಇದರಲ್ಲಿ ಒಮ್ಮೆ ಹಾದರೂ ಫಿಲ್ಮ್ ಮಂಕಾಗಬಹುದು ಎಂದು ಫಿಲ್ಮ್ ತಯಾರಿಸುವ ಕಂಪನಿಗಳೇ ಎಚ್ಚರಿಸಿವೆ. "ಲ್ಯಾಪ್‌ಟಾಪ್ ಒಳಗೇ ಇರಲಿ" ಎಂದು ಸಿಬ್ಬಂದಿ ಹೇಳಿದರೆ ಎದುರಿಗಿರುವುದು ಈ ಯಂತ್ರ ಇರಬಹುದು ಎಂದು ಊಹಿಸಿ, ಬ್ಯಾಗ್ ಬೆಲ್ಟಿನ ಮೇಲೆ ಇಡುವ ಮೊದಲೇ ಫಿಲ್ಮ್ ಹೊರಗೆ ತೆಗೆಯಿರಿ. "ಕೈಚೀಲದಲ್ಲಿದ್ದರೆ ಸಾಕು" ಎಂಬ ಹಳೇ ಮಾತು ಇನ್ನು ಪೂರ್ತಿ ನಿಜ ಅಲ್ಲ.

ಹೊರಡುವ ಮೊದಲು

ಮಾಡಬೇಕಾದ್ದು ಹೆಚ್ಚಿಲ್ಲ. ರೋಲ್‌ಗಳನ್ನು ರಟ್ಟಿನ ಡಬ್ಬಿಯಿಂದ ತೆಗೆದು, ಒಳಗಿರುವುದು ಕಾಣುವಂಥ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಅದನ್ನು ಕೈಚೀಲದ ಮೇಲ್ಭಾಗದಲ್ಲೇ ಇಡಿ. ಸರದಿ ಬಂದಾಗ ಸಿಬ್ಬಂದಿಗೆ ತೋರಿಸಿ, "ಸಾರ್, ಇದು ತೊಳೆಯದ ಕ್ಯಾಮೆರಾ ಫಿಲ್ಮ್, ಎಕ್ಸ್‌ರೇ ತಾಗಿದರೆ ಹಾಳಾಗ್ತದೆ, ಕೈಯಲ್ಲಿ ನೋಡಬಹುದಾ?" ಎಂದು ಕೇಳಿ. ಅವರು ಒಂದು ಬಟ್ಟೆಯ ಚೂರಿನಿಂದ ರೋಲನ್ನು ಒರೆಸಿ, ಸ್ಫೋಟಕದ ಅಂಶ ಉಂಟಾ ಎಂದು ಯಂತ್ರದಲ್ಲಿ ಪರೀಕ್ಷಿಸಬಹುದು. ಅದರಿಂದ ಫಿಲ್ಮ್‌ಗೆ ಹಾನಿ ಇಲ್ಲ.

ಅಮೆರಿಕದಲ್ಲಿ ಹೀಗೆ ಕೇಳಲು ಅವಕಾಶ ಉಂಟು ಎಂದು ಅಲ್ಲಿನ ಭದ್ರತಾ ಇಲಾಖೆಯೇ ಪ್ರಯಾಣಿಕರಿಗೆ ತಿಳಿಸಿದೆ. ಬೇರೆ ಕಡೆ ಒಪ್ಪುವುದು ಬಿಡುವುದು ಎದುರಿಗಿರುವ ಅಧಿಕಾರಿಯ ತೀರ್ಮಾನ. ಒಪ್ಪದಿದ್ದರೆ ಜಗಳ ಬೇಡ. ಅವರು ಇಪ್ಪತ್ತರ ಹರೆಯದವರಾದರೆ ಫಿಲ್ಮ್ ರೋಲನ್ನು ಕಣ್ಣಾರೆ ನೋಡಿಯೇ ಇರಲಿಕ್ಕಿಲ್ಲ, ಬಿಡಿಸಿ ಹೇಳಬೇಕಾಗುತ್ತದೆ. ಅದಕ್ಕೇ ಒಂದರ್ಧ ಗಂಟೆ ಮೊದಲೇ ಹೋಗುವುದು ಒಳ್ಳೆಯದು. ಮಕ್ಕಳು, ವೀಲ್‌ಚೇರ್‌ನಲ್ಲಿ ಹಿರಿಯರು, ಹಿಂದೆ ಉದ್ದ ಸಾಲು ಇರುವಾಗ ಸಮಾಧಾನದಲ್ಲಿ ಕೇಳಲಿಕ್ಕೂ ಆಗುವುದಿಲ್ಲ.

ಕ್ಯಾಮೆರಾದೊಳಗೆ ಅರ್ಧ ಮುಗಿದ ರೋಲ್ ಬಿಟ್ಟುಕೊಂಡು ಹೋಗಬೇಡಿ. ಕ್ಯಾಮೆರಾ ಆದರೆ ಯಂತ್ರಕ್ಕೆ ಹಾಕಲೇಬೇಕು ಎನ್ನುತ್ತಾರೆ, ಬಾಗಿಲು ತೆರೆದು ತೋರಿಸು ಅಂದರೆ ಬೆಳಕು ಬಿದ್ದು ಇದ್ದದ್ದೂ ಹೋಗುತ್ತದೆ. ಹೊರಡುವ ಹಿಂದಿನ ದಿನವೇ ರೋಲ್ ಮುಗಿಸಿ ಸುತ್ತಿ ಹೊರಗೆ ತೆಗೆಯಿರಿ.

ಸೀಸದ ಚೀಲದ ಬಗ್ಗೆಯೂ ಕೇಳುವವರಿದ್ದಾರೆ. ಪರದೆಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ಕಪ್ಪು ಕಂಡ ಕೂಡಲೇ ಬ್ಯಾಗನ್ನು ಮತ್ತೊಮ್ಮೆ ಹಾಕುತ್ತಾರೆ, ಇಲ್ಲವೇ ಬಿಚ್ಚಿಸುತ್ತಾರೆ. ಲಗೇಜಿನ ಯಂತ್ರವಾದರೆ ಬಲವಾದ ಕಿರಣವನ್ನು ಅದೇ ಜಾಗಕ್ಕೆ ಕರೆದ ಹಾಗೆ. ಅದನ್ನು ನಂಬಿ ಫಿಲ್ಮ್ ಅನ್ನು ಪೆಟ್ಟಿಗೆಗೆ ಹಾಕುವುದು ಬೇಡ.

ಎಲ್ಲಕ್ಕಿಂತ ಸುಲಭದ ದಾರಿ, ಫಿಲ್ಮ್ ಅನ್ನು ಹೋದ ಊರಲ್ಲೇ ಕೊಂಡು, ಅಲ್ಲೇ ತೊಳೆಸಿ ತರುವುದು. ನೆಗೆಟಿವ್ ಆದ ಮೇಲೆ ಯಾವ ಯಂತ್ರದ ಭಯವೂ ಇಲ್ಲ. ಕೊರಿಯರ್‌ನಲ್ಲಿ ಕಳಿಸಿದರೆ ಬಚಾವ್ ಎಂದುಕೊಳ್ಳಬೇಡಿ, ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗೂ ತಪಾಸಣೆ ಉಂಟು. ಬೆಂಗಳೂರಿನ ಲ್ಯಾಬ್‌ಗೆ ಕಳಿಸುವುದಾದರೆ ಬಸ್ಸಿನಲ್ಲಿ ಹೋಗುವ ಪರಿಚಯದವರ ಕೈಯಲ್ಲಿ ಕೊಡುವುದೇ ವಾಸಿ. ಇನ್ನೊಂದು ಶತ್ರು ಬಿಸಿಲು. ಗಲ್ಫ್‌ನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ರೋಲ್ ಬಿಟ್ಟರೆ, ಎಕ್ಸ್‌ರೇ ಇಲ್ಲದೆಯೇ ಅದು ಹಾಳಾಗುತ್ತದೆ.

ಕಪಾಟಿನ ರೋಲ್‌ಗಳು

ಮುಂಬೈಯಿಂದ 'ದ್ವಾರಕಾ' ಹಡಗು ಹತ್ತಿ ಗಲ್ಫ್‌ಗೆ ಹೋದ ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಆ ಹಡಗು 1982ರಲ್ಲಿ ನಿಂತಿತು. ಬಜ್ಪೆಯಿಂದ ನೇರ ದುಬೈ ವಿಮಾನ ಶುರುವಾದದ್ದು 2006ರಲ್ಲಿ. ಈ ನಡುವಿನ ವರ್ಷಗಳಲ್ಲಿ ಮುಂಬೈ, ಕೋಝಿಕ್ಕೋಡ್ ಸುತ್ತಿ ಬಂದವರ ಮನೆಗಳಲ್ಲಿ, ತೊಳೆಸಲು ಮರೆತ ಒಂದೆರಡು ರೋಲ್ ಈಗಲೂ ಇರಬಹುದು. ಹೊಲಿಗೆ ಡಬ್ಬಿಯಲ್ಲಿ, ಹಳೇ ಪಾಸ್‌ಪೋರ್ಟ್ ಇಟ್ಟ ಪೆಟ್ಟಿಗೆಯಲ್ಲಿ ಒಮ್ಮೆ ನೋಡಿ. ಹಳೆಯದಾದ ಮಾತ್ರಕ್ಕೆ ಬಿಸಾಡಬೇಡಿ. ಬಣ್ಣ ಮಾಸಿದ್ದರೂ ಮುಖ ಗುರುತಾಗುವಷ್ಟು ಚಿತ್ರ ಸಿಗುವುದುಂಟು. ವರ್ಷಗಳಿಂದ ತಾನಾಗಿಯೇ ಮಂಕಾಗಿರುವ ಇಂಥ ರೋಲ್ ಎಕ್ಸ್‌ರೇಯ ಪೆಟ್ಟನ್ನೂ ತಾಳಲಾರದು. ಮಗನೋ ಅಳಿಯನೋ ರಜೆ ಮುಗಿಸಿ ಹೋಗುವಾಗ, "ಅಲ್ಲೇ ಎಲ್ಲಾದರೂ ತೊಳೆಸಿ" ಎಂದು ಲಗೇಜಿಗೆ ಸೇರಿಸಿಬಿಡಬೇಡಿ.

ಕಳೆದ ವರ್ಷ ನಮ್ಮ ತಂಗಿಯ ಮಗಳು ಅಬುಧಾಬಿಗೆ ಹೊರಟಳು. ಹಿಂದಿನ ರಾತ್ರಿ ಮಾಮ ತಾನೇ ಕೂತು ಅವಳ ಐದು ರೋಲ್‌ಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರು. ಹೋಗುವಾಗ ಕೈಯಲ್ಲೇ ನೋಡಿ ಬಿಟ್ಟರಂತೆ. ಬರುವಾಗ ಒಪ್ಪಲಿಲ್ಲ, ಯಂತ್ರಕ್ಕೇ ಹಾಕಬೇಕಾಯಿತು. ಅದು ಹಳೇ ಮಾದರಿಯದ್ದು, ರೋಲ್‌ಗಳೂ 200ರದ್ದು. ಎಲ್ಲ ಚಿತ್ರವೂ ಬಂತು. ಅವಳು ಪ್ರಿಂಟ್ ತಂದು ಹರಡಿದಾಗ ಮಾಮ ಒಂದೊಂದನ್ನೇ ಬೆಳಕಿಗೆ ಹಿಡಿದು, ಪಟ್ಟಿ ಇದೆಯಾ ಎಂದು ನೋಡುತ್ತಾ ಕೂತಿದ್ದರು.

ಅಜ್ಜಿ ಉಮ್ರಾದಿಂದ ಬಂದ ಮರುವರ್ಷ ತೀರಿಕೊಂಡರು. ಪಾಸ್‌ಪೋರ್ಟ್‌ಗೆಂದು ತೆಗೆಸಿದ್ದು ಬಿಟ್ಟರೆ ನಮ್ಮಲ್ಲಿರುವುದು ಅವರ ಒಂದೇ ಫೋಟೋ. ಹೆಗಲ ಮೇಲಿದ್ದ ಕ್ಯಾಮೆರಾದ ರೋಲ್‌ನಲ್ಲಿ ಬಂದದ್ದು. ಅಜ್ಜಿ ಕ್ಯಾಮೆರಾ ನೋಡುತ್ತಿಲ್ಲ, ಕಡಲ ಗಾಳಿಗೆ ಹಾರುವ ತಟ್ಟವನ್ನು ಕೈಯಲ್ಲಿ ಹಿಡಿದು ಅಜ್ಜನ ಕಡೆ ತಿರುಗಿ ಏನೋ ಹೇಳುತ್ತಿದ್ದಾರೆ. ಅದು ನಮ್ಮ ಚಾವಡಿಯ ಗೋಡೆಯಲ್ಲಿ ಉಂಟು. ಉಳಿದ ಮೂರು ರೋಲ್‌ಗಳ ಬೂದು ನೆಗೆಟಿವ್‌ಗಳನ್ನು ಮಾಮ ಇನ್ನೂ ಬಿಸಾಡಿಲ್ಲ.