ಸಣ್ಣ ದೋಣಿಯಲ್ಲಿ ಬ್ಯಾಟರಿಯನ್ನು ಎಲ್ಲಿಡಬೇಕು?

ಜಲಾಶಯಗಳ ಹಿನ್ನೀರಿನಂಚಿನಲ್ಲಿ ತೋಟವಿರುವ ಬೆಳೆಗಾರರಿಗೆ ದೋಣಿಯೆಂಬುದು ವಿಹಾರದ ವಸ್ತುವಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಶರಾವತಿಯ ಆಚೆ ದಡದ ಜನ ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಆ ಹಾದಿ ಸುಗಮವಾಯಿತು. ಆದರೂ ಗೊಬ್ಬರದ ಚೀಲವನ್ನೋ ಅಡಿಕೆ ಮೂಟೆಯನ್ನೋ ನೀರು ದಾಟಿಸಬೇಕಾದಲ್ಲಿ ಸಣ್ಣ ದೋಣಿಯೇ ಗತಿ. ಹುಟ್ಟಿನ ಬದಲು ಬ್ಯಾಟರಿ ಮೋಟಾರನ್ನು ಜೋಡಿಸಬಯಸುವವರು, ಬ್ಯಾಟರಿಯನ್ನು ಜಾಗ ಖಾಲಿ ಇದ್ದಲ್ಲಿ ಇಡದೆ, ಭಾರ ಸರಿಹೋಗುವಲ್ಲಿ ಇಡಬೇಕು.

ಮೊದಲು ತೂಕ ಕೇಳಿ

ಬ್ಯಾಟರಿ ಕೊಳ್ಳಲು ಮೈಸೂರಿನ ಅಂಗಡಿಗಳಿಗೆ ಬರುವವರು ದರಕ್ಕಿಂತ ಮೊದಲು ತೂಕವನ್ನು ವಿಚಾರಿಸಬೇಕು. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ. ಮನೆಯ ಇನ್ವರ್ಟರಿಗೆ ಬಳಸುವ 150ರ ಟ್ಯೂಬುಲರ್ ಬ್ಯಾಟರಿ 50 ಕಿಲೋ ಮೀರುತ್ತದೆ. ಅದನ್ನು ದೋಣಿಗೆ ತರಬೇಡಿ. ಅಷ್ಟೇ ಶಕ್ತಿಯ ಲಿಥಿಯಂ ಬ್ಯಾಟರಿ ಸೀಸದ್ದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಬೆಲೆ ಮಾತ್ರ ಹೆಚ್ಚು. ಬಂದ ಕೆಲಸ ಮುಗಿದ ಮೇಲೆ ಬಿಡುವಿದ್ದರೆ ಕಾರಂಜಿ ಕೆರೆಯಲ್ಲಿ ಜನ ದೋಣಿ ಹತ್ತುವುದನ್ನು ಗಮನಿಸಿ. ಒಬ್ಬರು ಅಂಚಿಗೆ ಕಾಲಿಟ್ಟರೆ ದೋಣಿ ಆ ಬದಿಗೆ ವಾಲುತ್ತದೆ. ನಡುವೆ ಕುಳಿತರೆ ನೆಟ್ಟಗಾಗುತ್ತದೆ.

ಹಿಂಭಾರದ ಅಪಾಯ

ಬಂಡಿ ಹೂಡಿದವರಿಗೆ ಈ ಲೆಕ್ಕ ಹೊಸದಲ್ಲ. ಮುಂಭಾರವಾದರೆ ಎತ್ತಿನ ಹೆಗಲಿಗೆ ಪೆಟ್ಟು. ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ. ದೋಣಿಯಲ್ಲಿ ಹಿಂಭಾರವಾದರೆ ಹಿಂಬದಿಯ ಹಲಗೆ ತಗ್ಗಿ, ಸಣ್ಣ ಅಲೆಗೂ ನೀರು ಒಳನುಗ್ಗುತ್ತದೆ.

12 ಅಡಿಯ ದೋಣಿಯ ಉದಾಹರಣೆ ನೋಡೋಣ. ತೂಕವನ್ನು ನಡುವಿನಿಂದ ಇರುವ ದೂರದಿಂದ ಗುಣಿಸಬೇಕು. ಹಿಂದೆ 6 ಅಡಿಯಲ್ಲಿ 12 ಕಿಲೋ ಮೋಟಾರು: 72. ಹಿಂದೆ 4 ಅಡಿಯಲ್ಲಿ 65 ಕಿಲೋ ತೂಕದ ಚಾಲಕ: 260. ಒಟ್ಟು 332. ಮುಂದೆ 3 ಅಡಿಯಲ್ಲಿ 60 ಕಿಲೋ ತೂಕದ ಇನ್ನೊಬ್ಬರು: 180. ಮೋಟಾರಿಗೆ ಹತ್ತಿರವೆಂದು 30 ಕಿಲೋ ಬ್ಯಾಟರಿಯನ್ನು ಹಿಂದೆ 5 ಅಡಿಯಲ್ಲಿಟ್ಟರೆ ಹಿಂಬದಿಯ ಲೆಕ್ಕ 482ಕ್ಕೇರುತ್ತದೆ. ಅದನ್ನೇ ನಡುವಿನಿಂದ 2 ಅಡಿ ಮುಂದಿಟ್ಟು, ಅದರ ಪಕ್ಕ 45 ಕಿಲೋ ಯೂರಿಯಾ ಚೀಲ ಹಾಕಿದರೆ ಮುಂಬದಿ 330 ಆಗುತ್ತದೆ. ಆಗ ದೋಣಿ ಸಮನಾಗಿ ನಿಲ್ಲುತ್ತದೆ. ಒಬ್ಬರೇ ಹೋಗುವಾಗ ಮೋಟಾರಿನ ಹಿಡಿಗೆ ಉದ್ದನೆಯ ಕೋಲು ಜೋಡಿಸಿಕೊಂಡು ನಡುವಿಗೆ ಸರಿದು ಕೂರಬೇಕು.

ತಂತಿಯ ಲೆಕ್ಕ

ಬ್ಯಾಟರಿ ಮುಂದೆ ಸರಿದಂತೆ ತಂತಿ ಉದ್ದವಾಗಿ ವಿದ್ಯುತ್ತು ನಷ್ಟವಾಗುತ್ತದೆ. ಮೋಟಾರು 40 ಆಂಪಿಯರ್ ಎಳೆಯುವಾಗ, ಹೋಗಿಬರುವ ಒಟ್ಟು 6 ಮೀಟರ್ ತಾಮ್ರದ ತಂತಿ 4 ಚದರ ಮಿಲಿಮೀಟರ್ ದಪ್ಪದ್ದಾದರೆ ಸುಮಾರು 1 ವೋಲ್ಟು ಸೋರಿಹೋಗುತ್ತದೆ, ತಂತಿಯೂ ಬಿಸಿಯಾಗುತ್ತದೆ. 10 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟಿಗೂ ಕಡಿಮೆ. ತಂತಿಯ ಖರ್ಚು ಉಳಿಸಲು ಬ್ಯಾಟರಿಯನ್ನು ಹಿಂದಕ್ಕೆ ಸರಿಸುವುದು ಜಾಣತನವಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಪಾಸಿಟಿವ್ ತಂತಿಗೆ ಫ್ಯೂಸ್ ಇರಲೇಬೇಕು.

ತಗ್ಗಿನಲ್ಲಿರಲಿ, ಗಾಳಿಯಾಡಲಿ

ಭಾರ ತಗ್ಗಿನಲ್ಲಿದ್ದಷ್ಟೂ ದೋಣಿ ಸ್ಥಿರ. ಆದುದರಿಂದ ಬ್ಯಾಟರಿಯನ್ನು ಆಸನದ ಮೇಲಿಡದೆ ತಳದಲ್ಲಿ, ಎಡಬಲಕ್ಕೆ ವಾಲದಂತೆ ನಟ್ಟನಡುವೆ ಇಡತಕ್ಕದ್ದು. ತಳದಲ್ಲಿ ನಿಂತ ನೀರು ತಾಗದಂತೆ ಎರಡು ಮರದ ಪಟ್ಟಿಗಳ ಮೇಲೆ, ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ, ದೋಣಿಯ ಅಡ್ಡಮರಕ್ಕೆ ಪಟ್ಟಿಯಿಂದ ಬಿಗಿಯಬೇಕು. ದೋಣಿ ವಾಲಿದಾಗ ಬ್ಯಾಟರಿಯೂ ಜಾರಿದರೆ, ಮತ್ತೆ ನೆಟ್ಟಗಾಗುವುದು ಕಷ್ಟ.

ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಹಗುರವಾದ್ದರಿಂದ ಪೆಟ್ಟಿಗೆಯ ಮೇಲ್ಭಾಗದಲ್ಲಿ ರಂಧ್ರಗಳಿರಬೇಕು. ಚಾರ್ಜು ಮಾಡುವಾಗ ಮುಚ್ಚಳ ತೆರೆದಿರಲಿ. ಬೀಡಿ, ಸಿಗರೇಟು ದೂರವಿರಲಿ. ಪೆಟ್ರೋಲ್ ಡಬ್ಬಿಯನ್ನು ಅದರ ಬಳಿ ಇಡಲೇಬಾರದು.

ಮೊಳೆ ಹೊಡೆಯುವ ಮುನ್ನ

ಮೊಣಕಾಲುದ್ದ ನೀರಿನಲ್ಲಿ ದೋಣಿಯನ್ನು ಕಟ್ಟಿ, ಬ್ಯಾಟರಿಯಷ್ಟೇ ತೂಕದ ಮರಳಿನ ಚೀಲವನ್ನು ಆಯ್ದ ಜಾಗದಲ್ಲಿಡಿ. ಎಂದಿನಂತೆ ಜನ, ಸಾಮಾನು ಏರಲಿ. ನೀರಿನಿಂದ ಅಂಚಿನವರೆಗಿನ ಎತ್ತರವನ್ನು ಎಡಬಲಗಳಲ್ಲಿಯೂ ಹಿಂಬದಿಯಲ್ಲಿಯೂ ಅಳೆಯಿರಿ. ಹಿಂಬದಿ ತಗ್ಗಿದರೆ ಚೀಲವನ್ನು ಅರ್ಧರ್ಧ ಅಡಿ ಮುಂದೆ ಸರಿಸುತ್ತಾ ನೋಡಿ. ಸಮನಾದಲ್ಲಿ ಗುರುತು ಹಾಕಿ.

ಜಲಾಶಯದಲ್ಲಿ ಮೋಟಾರು ದೋಣಿ ಇಳಿಸಲು ಬೇಕಾದ ಅನುಮತಿಯನ್ನು ಮುಂಚೆಯೇ ವಿಚಾರಿಸಿಕೊಳ್ಳಿ. ಈಜು ಬಲ್ಲವರೂ ಸೇರಿದಂತೆ ಎಲ್ಲರೂ ಲೈಫ್ ಜಾಕೆಟ್ ತೊಡಲಿ. ಮಳೆಗಾಲದ ಗಾಳಿಯ ದಿನ ದೋಣಿಯನ್ನು ದಡದಲ್ಲೇ ಕಟ್ಟಿ, ಬ್ಯಾಟರಿಯನ್ನು ಮನೆಗೆ ತನ್ನಿ. ಮೂಟೆ ನಾಳೆ ಹೋದರೂ ನಡೆಯುತ್ತದೆ.