ಒಂದೇ ವಿಡಿಯೊ ಪಾಠ, ಎರಡು ಫಲಿತಾಂಶ

ಮಂಗಳೂರಿನಲ್ಲಿ ಬೆಳೆದ ಅನಂತ್ ಅಗರವಾಲ್ 2012ರಲ್ಲಿ ಅಮೆರಿಕದ ಎಂಐಟಿಯಿಂದ ವಿದ್ಯುನ್ಮಂಡಲಗಳ ಕುರಿತ ಕೋರ್ಸೊಂದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಹೆಸರು ನೋಂದಾಯಿಸಿದವರು ಸುಮಾರು 1,55,000 ಮಂದಿ. ಕೊನೆಯವರೆಗೆ ಉಳಿದು ಪ್ರಮಾಣಪತ್ರ ಪಡೆದವರು 7,157. ನೂರಕ್ಕೆ ಐವರೂ ಇಲ್ಲ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯ ಅದೇ ವಿಡಿಯೊಗಳನ್ನು ತನ್ನ ಎಂಜಿನಿಯರಿಂಗ್ ತರಗತಿಗೆ ತಂದಿತು. ವಿದ್ಯಾರ್ಥಿಗಳು ಪಾಠವನ್ನು ಮನೆಯಲ್ಲಿ ನೋಡಿಕೊಂಡು ಬರಬೇಕು, ತರಗತಿಯ ಹೊತ್ತನ್ನೆಲ್ಲ ಪುಟ್ಟ ಗುಂಪುಗಳಲ್ಲಿ ಕೂತು ಅಧ್ಯಾಪಕರ ಕಣ್ಣೆದುರು ಲೆಕ್ಕ ಬಿಡಿಸಲು ಬಳಸಬೇಕು. ಹಿಂದಿನ ಅವಧಿಗಳಲ್ಲಿ ಶೇ 60ನ್ನೂ ಮುಟ್ಟದಿದ್ದ ತೇರ್ಗಡೆ ಪ್ರಮಾಣ ಶೇ 91ಕ್ಕೆ ಏರಿತು. ಒಂದೇ ತರಗತಿಯ ಫಲಿತಾಂಶ, ನಿಜ. ಆದರೂ ಅದನ್ನು ಕಡೆಗಣಿಸುವಂತಿಲ್ಲ.

ಮರುವರ್ಷ ಆ ವಿಶ್ವವಿದ್ಯಾಲಯವೇ ಇನ್ನೊಂದು ದಾರಿ ಹಿಡಿಯಿತು. 2013ರ ಜನವರಿಯಲ್ಲಿ, ಗವರ್ನರ್ ಜೆರ್ರಿ ಬ್ರೌನ್ ಬೆಂಬಲದೊಂದಿಗೆ, ಉಡಾಸಿಟಿ ಕಂಪನಿಯ ಜೊತೆ ಸೇರಿ ಬುನಾದಿ ಗಣಿತ, ಬೀಜಗಣಿತ, ಸಂಖ್ಯಾಶಾಸ್ತ್ರಗಳನ್ನು ಪೂರ್ತಿ ಆನ್‌ಲೈನ್‌ನಲ್ಲಿ ಕಲಿಸತೊಡಗಿತು. ಕೋರ್ಸಿಗೆ ಬರೀ 150 ಡಾಲರ್. ಬಡವರ ಮಕ್ಕಳಿಗೂ ಪದವಿ ಕೈಗೆಟುಕಲಿ ಎಂಬ ಆಸೆ ಪ್ರಾಮಾಣಿಕವಾಗಿತ್ತು. ಫಲಿತಾಂಶ ಬಂದಾಗ ಮೂರರಲ್ಲಿ ಯಾವ ವಿಷಯದ ತೇರ್ಗಡೆಯೂ ಶೇ 51 ದಾಟಿರಲಿಲ್ಲ. ಬುನಾದಿ ಗಣಿತದಲ್ಲಂತೂ ನಾಲ್ವರಲ್ಲಿ ಮೂವರು ನಪಾಸು. ಮುಂದಿನ ಅವಧಿಯ ಪ್ರಯೋಗಕ್ಕೆ ಜುಲೈನಲ್ಲಿ ತಡೆ ಬಿತ್ತು.

ನಪಾಸಾದವರು ಯಾರು? ಬುನಾದಿ ಗಣಿತಕ್ಕೆ ಸೇರಿದ್ದ ಕ್ಯಾಂಪಸ್ ವಿದ್ಯಾರ್ಥಿಗಳು ಅದೇ ವಿಷಯದಲ್ಲಿ ಮೊದಲೇ ಒಮ್ಮೆ ಎಡವಿದ್ದವರು. ಓಕ್ಲೆಂಡ್‌ನ ಪ್ರೌಢಶಾಲೆಯೊಂದರಿಂದ ಬಂದಿದ್ದ ಕೆಲವು ಮಕ್ಕಳ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಯಾರಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕಿತ್ತೋ ಅವರನ್ನೇ ಪರದೆಯ ಮುಂದೆ ಒಂಟಿಯಾಗಿ ಕೂರಿಸಲಾಗಿತ್ತು. ತಡೆಗೆ ಮೊದಲೇ ಶುರುವಾಗಿದ್ದ ಬೇಸಿಗೆ ಅವಧಿಯಲ್ಲಿ ಕೋರ್ಸುಗಳನ್ನು ಅಲ್ಲಲ್ಲಿ ತಿದ್ದಿ ಮತ್ತೆ ನಡೆಸಿದಾಗ ಸಂಖ್ಯಾಶಾಸ್ತ್ರದಲ್ಲಿ ಶೇ 83 ಮಂದಿ ಪಾಸಾದರು. ಈ ಸಲ ಸೇರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕೈಯಲ್ಲಿ ಆಗಲೇ ಒಂದು ಪದವಿ ಇತ್ತು.

ಹಾಗಾಗಿ ತೇರ್ಗಡೆಯ ಶೇಕಡಾವಾರನ್ನಷ್ಟೇ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಅನ್ಯಾಯ. ಇದನ್ನು ಅರಿತ ಸಂಶೋಧಕರು ಒಂದೇ ಬಗೆಯ ವಿದ್ಯಾರ್ಥಿಗಳನ್ನು ಹೋಲಿಸಲು ಹೊರಟರು. ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಜಾಲಾಡಿದ ಕೊಲಂಬಿಯಾ ವಿಶ್ವವಿದ್ಯಾಲಯದ ದಿ ಶು ಮತ್ತು ಶಾನಾ ಜ್ಯಾಗರ್ಸ್, ಆನ್‌ಲೈನ್‌ನಲ್ಲಿ ಎಲ್ಲ ಬಗೆಯವರ ಸಾಧನೆಯೂ ಕುಗ್ಗುವುದನ್ನು ಕಂಡರು. ಹುಡುಗರು, ಕಿರಿಯರು, ಕಪ್ಪು ಜನಾಂಗದವರು, ಮೊದಲೇ ಕಡಿಮೆ ಅಂಕದಲ್ಲಿದ್ದವರು ಇತರರಿಗಿಂತ ಹೆಚ್ಚು ಕುಸಿದಿದ್ದರು. ಅಮೆರಿಕದ ಡಿವ್ರೈ ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಮತ್ತು ತರಗತಿ ಎರಡೂ ಕಡೆ ಪಠ್ಯ ಒಂದೇ, ಅಸೈನ್‌ಮೆಂಟ್ ಒಂದೇ. ಆದರೂ ನಾಲ್ಕು ಅಂಕದ ಗ್ರೇಡ್ ಮಾನದಲ್ಲಿ ಆನ್‌ಲೈನ್‌ನವರು ಸರಾಸರಿ 0.44ರಷ್ಟು ಹಿಂದೆ ಬಿದ್ದರೆಂದು 2017ರ ಅಧ್ಯಯನ ತೋರಿಸಿತು.

ಹಾಗೆಂದು ವಿಡಿಯೊ ಪಾಠವನ್ನೇ ದೂರಬೇಕಿಲ್ಲ. ಸಂಖ್ಯಾಶಾಸ್ತ್ರವನ್ನು ಕಂಪ್ಯೂಟರಿನಲ್ಲಿ, ಜೊತೆಗೆ ವಾರಕ್ಕೊಮ್ಮೆ ತರಗತಿಯಲ್ಲಿ ಕಲಿಸಿದ ಅಮೆರಿಕದ ಆರು ಸಾರ್ವಜನಿಕ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ಪೂರ್ಣಾವಧಿ ತರಗತಿಯವರಿಗೆ ಸರಿಸಮನಾಗಿಯೇ ನಿಂತರು.

ಈ ಲೆಕ್ಕ ನಮಗೂ ಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯ ಕೋರ್ಸುಗಳಿಂದ ಪಡೆಯಬಹುದಾದ ಕ್ರೆಡಿಟ್ ಮಿತಿಯನ್ನು ಯುಜಿಸಿ 2021ರಲ್ಲಿ ಶೇ 20ರಿಂದ 40ಕ್ಕೆ ಏರಿಸಿದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯೂ ಇದರಡಿ ಕೋರ್ಸು ಆಯ್ದುಕೊಳ್ಳುತ್ತಾಳೆ. ಹೀಗೆ ಆನ್‌ಲೈನ್‌ಗೆ ಕಳಿಸುವ ಪ್ರತಿ ಕಾಲೇಜೂ ಮೊದಲ ಎರಡು ವಾರದಲ್ಲೇ ಲಾಗಿನ್ ಆಗದೆ ಉಳಿದವರ ಪಟ್ಟಿ ತೆಗೆಯಬೇಕು, ಅವರನ್ನು ಕರೆದು ಮಾತಾಡಿಸುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ವಹಿಸಬೇಕು, ಆ ಕೆಲಸವನ್ನು ಅವರ ಬೋಧನೆಯ ಗಂಟೆಗಳಲ್ಲೇ ಸೇರಿಸಬೇಕು.