ಕಣಗಳಿಗೆ ಜಾಗ ತೋರಿಸುವ ನೆಲ

ಸಕ್ಕರೆ ಕಾರ್ಖಾನೆಯ ಪ್ಯಾನ್ ಬಳಿ ಕುದಿಯುವ ಪಾಕದ ಹನಿಯೊಂದನ್ನು ಗಾಜಿನ ಮೇಲೆ ಸವರಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಕಾಳು ಕಟ್ಟಿದೆಯೇ, ಒಂದೇ ಸಮ ಇದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಥಣಿ ತಾಲ್ಲೂಕಿನ ಸತ್ತಿಯಂಥ ಕೃಷ್ಣಾ ತೀರದ ಊರುಗಳು ಕಬ್ಬು ಬೆಳೆಯುವ ಸೀಮೆಯವು. ಅದೇ ಸೀಮೆಯ ಉಗಾರದಲ್ಲಿ 1939ರಲ್ಲೇ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಹರಳು ಕಟ್ಟಿಸುವ ವಿದ್ಯೆ ಇಲ್ಲಿಗೆ ಹಳೆಯದು.

ಪಾಕವನ್ನು ಅದರ ಪಾಡಿಗೆ ಬಿಟ್ಟರೆ ಕಾಳು ಹೇಗೆಂದರೆ ಹಾಗೆ ಹುಟ್ಟುತ್ತದೆ. ಅದಕ್ಕೇ ಹದ ನೋಡಿ, ನುಣ್ಣಗೆ ಅರೆದ ಸಕ್ಕರೆಯನ್ನು ಬೀಜವಾಗಿ ಬಿಡುತ್ತಾರೆ. ಎಷ್ಟು ಕಾಳು ಎಂಬುದು ಇದರಿಂದ ಹಿಡಿತಕ್ಕೆ ಸಿಗುತ್ತದೆ. ಯಾವ ಕಾಳು ಎಲ್ಲಿ ಹುಟ್ಟಬೇಕು ಎಂಬುದು ಸಿಗುವುದಿಲ್ಲ, ಸಕ್ಕರೆಗೆ ಅದು ಬೇಕಾಗಿಯೂ ಇಲ್ಲ.

ಕಣಗಳನ್ನು ಹರಳಿನಂತೆ ಜೋಡಿಸಿ ಮಾಡುವ ಸೂಕ್ಷ್ಮ ಸಾಧನಗಳಿಗೆ ಮಾತ್ರ ಆ ‘ಎಲ್ಲಿ’ಯೇ ಮುಖ್ಯ. 1997ರಲ್ಲಿ ಆಲ್ಫಾನ್ಸ್ ವಾನ್ ಬ್ಲಾಡೆರೆನ್ ಮತ್ತು ಸಂಗಡಿಗರು ಪ್ಲಾಸ್ಟಿಕ್ ಪದರದಲ್ಲಿ ಕ್ರಮವಾಗಿ ಕುಳಿ ಕೊರೆದು, ದ್ರವದಲ್ಲಿದ್ದ ಸಿಲಿಕಾ ಗೋಲಿಗಳು ಅದರ ಮೇಲೆ ನಿಧಾನವಾಗಿ ಇಳಿಯಲು ಬಿಟ್ಟರು. ಮೊದಲು ಬಂದವು ಕುಳಿಗಳಲ್ಲಿ ಕೂತವು. ಮೇಲಿನ ಪದರಗಳು ಅದೇ ಕ್ರಮ ಹಿಡಿದವು.

ತೊಡಕು ಬೇರೆ ಕಡೆ ಇತ್ತು. ಹೀಗೆ ಕುಳಿ ಕೊರೆದ ನೆಲಕ್ಕೆ ಅಂಟಿದ ಕಣ ಹೆಚ್ಚು ದೂರ ಅಲೆಯಲಾರದು. ನಾವು ಬಯಸಿದ ಜಾಗ ಮುಟ್ಟುವ ಮೊದಲೇ ಇನ್ನೊಂದು ಕಣಕ್ಕೆ ಜೊತೆಯಾಗಿ ದಾರಿಯಲ್ಲೇ ಗುಂಪು ಕಟ್ಟುತ್ತದೆ. ಇದಕ್ಕೊಂದು ಸೊಗಸಾದ ಪರಿಹಾರ ಬಂದದ್ದು ಬೆಂಗಳೂರಿನಿಂದ. ಚಂದನ್ ಮಿಶ್ರಾ, ಅಜಯ್ ಸೂದ್ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಾಜೇಶ್ ಗಣಪತಿ 2016ರಲ್ಲಿ ಅದನ್ನು ಪ್ರಕಟಿಸಿದರು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದರೆ ದೊಡ್ಡ ಅಲೆಯಂಥ ಮೂರನೆಯ ಚಿತ್ತಾರ ಕಾಣುತ್ತದಲ್ಲ, ಅದರ ಹೆಸರು ಮಾಯ್ರೆ. ಅಂಥ ಚಿತ್ತಾರವನ್ನೇ ಅವರು ನೆಲವಾಗಿಸಿದರು. ಅಲ್ಲಿನ ತಗ್ಗುಗಳೆಲ್ಲ ಒಂದೇ ಸಮ ಇರುವುದಿಲ್ಲ. ಕೆಲವು ಕಣವನ್ನು ಸಡಿಲವಾಗಿ ಹಿಡಿಯುತ್ತವೆ, ಕೆಲವು ಬಿಗಿಯಾಗಿ. ಸಡಿಲ ತಗ್ಗಿನಿಂದ ಹಾರುವುದು ಸುಲಭ, ಬಿಗಿಯಾದದ್ದರಿಂದ ಕಷ್ಟ. ಹೀಗೆ ಗೊತ್ತುಗುರಿಯಿಲ್ಲದೆ ಅಲೆಯುವ ಕಣವೂ ಹೆಜ್ಜೆ ಹೆಜ್ಜೆಗೆ ಬಿಗಿ ತಗ್ಗುಗಳ ಕಡೆಗೇ ವಾಲುತ್ತದೆ. ಗುಂಪು ಕಟ್ಟುವುದು ಅಲ್ಲಿಯೇ. ಕೈಯಿಂದ ಒಂದು ಕಣವನ್ನೂ ಎತ್ತಿಡದೆ ಇಷ್ಟಾಗುವುದು ನಿಜಕ್ಕೂ ಬೆರಗಿನ ಸಂಗತಿ.

ಇಂಥ ಪ್ರಯೋಗಕ್ಕೆ ಸುಮಾರು ಒಂದು ಮೈಕ್ರೋಮೀಟರ್ ಗಾತ್ರದ ಕಣಗಳನ್ನು ಆರಿಸಿಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ. ಪರಮಾಣುಗಳ ಪದರ ಬೆಳೆಯುವಾಗ ಒಂದೊಂದರ ಓಡಾಟವನ್ನು ಹಿಂಬಾಲಿಸುವುದು ಬಲು ಕಷ್ಟ. ಈ ಕಣಗಳ ನಡಿಗೆ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ. ಇದೇ ಗಣಪತಿ 2010ರಲ್ಲಿ ಅಮೆರಿಕದ ಇಟಾಯ್ ಕೊಹೆನ್ ಮೊದಲಾದವರೊಂದಿಗೆ ಸೇರಿ, ಇಂಥ ಕಣಗಳ ಪದರವೂ ಪರಮಾಣು ಪದರದ ನಿಯಮಗಳಂತೆಯೇ ಬೆಳೆಯುತ್ತದೆ ಎಂದು ನೇರವಾಗಿ ಅಳೆದು ತೋರಿಸಿದ್ದರು.